ಸಂಸ್ಥೆಯ ಬಾಳಿಕೆ

ಧರ್ಮಸಂಸ್ಥೆಗೆ ಧನದಷ್ಟೇ ಮುಂದಾಲೋಚನೆಯೂ ಅವಶ್ಯವು. ಬಿದರೆಹಳ್ಳಿ ಕಾವಲ್ ಸೇರಿದ ಈ ತುಮಕೂರು ಸೀಮೆಯಲ್ಲಿ ಶ್ರೀ ಸಿದ್ಧಗಂಗೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಶ್ರೀ ಉದ್ದಾನ ಶಿವಯೋಗಿಗಳವರು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. ಅವರಿಗೆ ಉತ್ತರಾಧಿಕಾರಿಗಳಾಗಬೇಕಿದ್ದ ಶ್ರೀ ಮರುಳಾರಾಧ್ಯರು 1930ರಲ್ಲಿ ಲಿಂಗೈಕ್ಯರಾಗಲು, ಕಾಲಹರಣ ಮಾಡದೆ ಆ ವರ್ಷವೇ ಶ್ರೀ ಶಿವಕುಮಾರ ಸ್ವಾಮಿಗಳವರಿಗೆ ದೀಕ್ಷೆಯನ್ನಿತ್ತರು. 1941ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಶ್ರೀಮಠವು ದಿಕ್ಕುಗಾಣದೆ ನಿಲ್ಲಲಿಲ್ಲ; ಭಾರವನ್ನು ಹೊರುವವರು ಹನ್ನೊಂದು ವರ್ಷಗಳ ಹಿಂದೆಯೇ ಗೊತ್ತಾಗಿದ್ದರು.

ಶ್ರೀ ಶಿವಕುಮಾರ ಸ್ವಾಮಿಗಳವರೂ ಅದೇ ಕ್ರಮವನ್ನನುಸರಿಸಿ 1988ರಲ್ಲಿಯೇ ಶ್ರೀ ಸಿದ್ಧಲಿಂಗ ಸ್ವಾಮಿಗಳವರನ್ನು ಉತ್ತರಾಧಿಕಾರಿಗಳನ್ನಾಗಿ ನೇಮಿಸಿದರು. ತಮ್ಮ ನಿರ್ಯಾಣದ ವಾರ್ತೆಯನ್ನು ವಿದ್ಯಾರ್ಥಿಗಳ ಊಟವಾದ ಬಳಿಕವೇ ತಿಳಿಸಬೇಕೆಂದು ಅಪ್ಪಣೆಯಿತ್ತಿದ್ದರು. 2019ನೆಯ ಜನವರಿ 21ರಂದು ಹಾಗೆಯೇ ನಡೆಯಿತು.

ಸದ್ಭಕ್ತರೇ, ಹಿರಿಯರು ಇಲ್ಲವಾದರೂ ಮರುದಿನದ ಪಂಕ್ತಿ ನಿಲ್ಲದಂತೆ ಏರ್ಪಾಡು ಮಾಡಿಡುವುದೇ ಸಂಸ್ಥೆಯನ್ನು ನಡೆಸುವ ಬಗೆ.