ವೇಷವೂ ಭ್ರಾಂತಿಯೂ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಊರು ಉಂಟು. ಮಳೆಗಾಲದ ಒಂದು ಬೆಳಗ್ಗೆ ನಾನು ಅಲ್ಲಿ ಇಳಿದಾಗ, ಮಂಜು ಕವಿದು ಹತ್ತು ಮಾರು ಆಚೆಯ ಮನುಷ್ಯನ ಗುರುತೂ ಸಿಕ್ಕುವಂತಿರಲಿಲ್ಲ. ನಮ್ಮ ಕಾರಿನ ಚಾಲಕನು ಕಂಬಳಿ ಹೊದ್ದು, ಕಾಫಿ ಕುಡಿದು ಬರುವೆನೆಂದು ಹೋದವನು ಗಂಟೆಯಾದರೂ ತಿರುಗಲಿಲ್ಲ. ಕಡೆಗೆ ಕಂಬಳಿಕೊಪ್ಪೆಯೊಂದು ಮಂಜಿನೊಳಗಿಂದ ಮೂಡಿ ಬಂದುದನ್ನು ಕಂಡು, ಅವನೇ ಎಂದು ತಿಳಿದು ಚೆನ್ನಾಗಿ ಗದರಿಸಿದೆನು. ಕೊಪ್ಪೆಯ ಒಳಗಿದ್ದಾತನು ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಅಯ್ಯಾ, ಬೈಸಿಕೊಳ್ಳಬೇಕಾದವರು ಹಿಂದೆ ಬರುತ್ತಿದ್ದಾರೆ, ಅವರಿಗೂ ಸ್ವಲ್ಪ ಉಳಿಸಿಕೊಳ್ಳಿ" ಎಂದನು.

ಷೇಕ್ಸ್‌ಪಿಯರ್ ಮಹಾಕವಿಯು ಇಂತಹ ಒಂದು ಪ್ರಮಾದವನ್ನೇ ಹಿಡಿದು ಇಡೀ ನಾಟಕವನ್ನು ಕಟ್ಟಿದ್ದಾನೆ. 'ಕಾಮೆಡಿ ಆಫ್ ಎರರ್ಸ್' ಎಂಬ ಆ ನಾಟಕವನ್ನು 1594ನೆಯ ಇಸವಿ ಡಿಸೆಂಬರ್ 28ರ ರಾತ್ರಿ ಲಂಡನ್ನಿನ ಗ್ರೇಸ್ ಇನ್ ಎಂಬ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳ ನಿಲಯದಲ್ಲಿ ಆಡಿದರು. ಅವನ ನಾಟಕಗಳಲ್ಲೆಲ್ಲ ಇದೇ ಚಿಕ್ಕದು. ರೋಮಿನ ಪ್ಲಾಟಸ್ ಕವಿಯಲ್ಲಿ ಒಂದು ಜೊತೆ ಅವಳಿಗಳಿದ್ದರು. ಇವನು ಯಜಮಾನರಿಬ್ಬರು, ಸೇವಕರಿಬ್ಬರು ಎಂದು ಎರಡು ಜೊತೆ ಮಾಡಿದನು. ಸೇವಕನು ತನ್ನವನೆಂದು ತಿಳಿದು ಬೇರೊಬ್ಬ ಯಜಮಾನನನ್ನು ಊಟಕ್ಕೆ ಕರೆದು ಪೆಟ್ಟು ತಿನ್ನುತ್ತಾನೆ. ಹೆಂಡತಿಯು ಮೈದುನನಿಗೆ ಬಡಿಸುತ್ತ ಕುಳಿತಿರುವಾಗ ಗಂಡನು ಬೀದಿಯಲ್ಲಿ ನಿಂತು ತನ್ನ ಮನೆಯ ಬಾಗಿಲನ್ನೇ ತಟ್ಟುತ್ತಾನೆ. ಚಿನ್ನದ ಸರವು ಒಬ್ಬನ ಕೈಸೇರಿ, ಅದರ ಸಾಲಕ್ಕಾಗಿ ಇನ್ನೊಬ್ಬನು ಸೆರೆಯಾಗುತ್ತಾನೆ. ಕಟ್ಟಕಡೆಗೆ ಅವನಿಗೆ ಹುಚ್ಚು ಹಿಡಿದಿದೆಯೆಂದು ಮಂತ್ರವಾದಿಯನ್ನು ಕರೆಸಿ, ಕೈಕಟ್ಟಿ ಕತ್ತಲೆಯ ಕೋಣೆಗೆ ನೂಕುತ್ತಾರೆ. ನೋಡುವವರಿಗೆ ನಗೆ, ಆದರೆ ಒಳಗಿರುವವನ ಪಾಡೇನು? ನಾನು ನಾನೇ ಎಂದು ಎಷ್ಟು ಕೂಗಿದರೂ ಸಾಕ್ಷಿ ಹೇಳಬೇಕಾದವರು ಇತರರಷ್ಟೆ. ಅವರು ಅಲ್ಲವೆಂದುಬಿಟ್ಟರೆ ಮನುಷ್ಯನು ಯಾರನ್ನು ಮೊರೆಹೊಗಬೇಕು?

ಈ ಕಥೆಯು ಕನ್ನಡಕ್ಕೆ ಬಹು ಬೇಗ ಬಂದಿತು. ಮುಂಬಯಿ ಕರ್ನಾಟಕದ ವಿದ್ಯಾಖಾತೆಯಲ್ಲಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು 1871ರಲ್ಲಿ ಇದನ್ನು 'ನಗದವರನ್ನು ನಗಿಸುವ ಕಥೆ' ಎಂಬ ಹೆಸರಿನಿಂದ ತಂದರು. ಐದು ವರ್ಷಗಳ ಮೇಲೆ, 1876ರಲ್ಲಿ, ಬಿ. ವೆಂಕಟಾಚಾರ್ಯರ 'ಭ್ರಾಂತಿವಿಲಾಸ' ಹೊರಟಿತು. ಆಚಾರ್ಯರು ಇದನ್ನು ಇಂಗ್ಲಿಷಿನಿಂದ ತೆಗೆದುಕೊಳ್ಳಲಿಲ್ಲ. ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಬಂಗಾಳಿಯಲ್ಲಿ ಬರೆದಿದ್ದ ಗದ್ಯಕಥೆಯಿಂದ ತೆಗೆದುಕೊಂಡರು. ವಿದ್ಯಾಸಾಗರರ ಕೈಯಲ್ಲಿ ಎಫೆಸಸ್ ಪಟ್ಟಣವು ಜಯಸ್ಥಲವಾಗಿ, ಸಿರಕ್ಯೂಸ್ ಹೇಮಕೂಟವಾಗಿ, ಅವಳಿ ಯಜಮಾನರು ಚಿರಂಜೀವರೂ ಸೇವಕರು ಕಿಂಕರರೂ ಆಗಿಬಿಟ್ಟಿದ್ದರು. ಬಾಬಾಬುಡನ್ನರು ಮೋಕಾದಿಂದ ಏಳು ಕಾಫಿಬೀಜಗಳನ್ನು ಮರೆಮಾಡಿ ತಂದು, ಅತ್ತಿಗುಂಡಿಯ ಮೇಲಣ ಆ ಬೆಟ್ಟಗಳಲ್ಲಿ ಬಿತ್ತಿದರೆಂದು ಪ್ರತೀತಿ. ಷೇಕ್ಸ್‌ಪಿಯರನೂ ನಮ್ಮಲ್ಲಿಗೆ ಹಾಗೆಯೇ ಗುರುತು ಮರೆಸಿಕೊಂಡು ಬಂದವನು.

ಗದ್ಯಕಥೆಯಾದುದರಿಂದ ಒಂದು ನಷ್ಟವಾಯಿತೆಂದು ಹೇಳದಿರಲಾರೆ. ಹೇಮಕೂಟದ ಚಿರಂಜೀವನೆಂದೂ ಜಯಸ್ಥಲದ ಚಿರಂಜೀವನೆಂದೂ ಲೇಖಕನು ಹೆಜ್ಜೆಹೆಜ್ಜೆಗೂ ಬಿಡಿಸಿ ಹೇಳಬೇಕಾಗುತ್ತದೆ. ಬಿಡಿಸಿ ಹೇಳಿದಷ್ಟೂ ನಗೆ ತೆಳುವಾಗುತ್ತದೆ. ರಂಗದ ಮೇಲಾದರೆ ಕಣ್ಣೇ ಮೋಸಹೋಗಬಹುದು. 1997ರಲ್ಲಿ ಎನ್. ಎಸ್. ಶಂಕರ್ ಅವರು 'ಉಲ್ಟಾ ಪಲ್ಟಾ' ಎಂಬ ಚಿತ್ರವನ್ನು ತೆಗೆದಾಗ, ರಮೇಶ್ ಅರವಿಂದರೊಬ್ಬರೇ ಇಬ್ಬರಾಗಿ, ಈ ತೊಡಕು ತಾನಾಗಿಯೇ ಬಿಡಿಸಿಹೋಯಿತು.

ನಮ್ಮವರು ಮೊದಮೊದಲೇ ಈ ನಾಟಕಕ್ಕೆ ಏಕೆ ಕೈಯಿಟ್ಟರು? ನನಗೆ ತೋರುವುದು ಹೀಗೆ. ವೇಷವು ಕನ್ನಡಿಗರಿಗೆ ಹೊಸದಲ್ಲ. ಮಳೆ ಬಾರದಿದ್ದರೆ ವಿರಾಟಪರ್ವವನ್ನು ಓದಿಸುವ ವಾಡಿಕೆ ನಮ್ಮದು. ಕಂಕ, ವಲಲ, ಬೃಹನ್ನಳೆ, ಸೈರಂಧ್ರಿಯರೆಂದರೆ ಯಾರೆಂದು ಅಕ್ಷರ ಬಾರದವರೂ ಬಲ್ಲರು. ಕಳಸ ಮೂಡಿಗೆರೆಗಳ ಕಡೆ ಬಯಲಾಟ ನೋಡಿದವರು, ಸ್ತ್ರೀವೇಷದ ಗಂಡಸು ಮೋಹಿನಿಯಾಗಿ ಭಸ್ಮಾಸುರನನ್ನು ಕುಣಿಸುವುದನ್ನು ಕಂಡಿದ್ದಾರೆ: ವಿಷ್ಣುವೂ ಗಂಡು, ವೇಷಧಾರಿಯೂ ಗಂಡು, ನಡುವೆ ಇರುವ ಹೆಣ್ಣು ಬರಿಯ ತೋರಿಕೆ. ಆದರೆ ಇಲ್ಲೆಲ್ಲ ವೇಷ ತೊಟ್ಟವನಿಗೆ ತಾನು ಯಾರೆಂಬುದು ಗೊತ್ತು. ಚಿರಂಜೀವರು ಯಾವ ವೇಷವನ್ನೂ ತೊಟ್ಟಿಲ್ಲ, ಯಾರನ್ನೂ ವಂಚಿಸಬೇಕೆಂದಿಲ್ಲ, ಆದರೂ ಊರಿಗೆ ಊರೇ ಮೋಸಹೋಗುತ್ತದೆ. ವೇಷವಿಲ್ಲದ ಭ್ರಾಂತಿ ಎಂಬುದು ನಮ್ಮವರಿಗೆ ಹೊಸ ಸರಕಾಗಿ ಕಂಡಿರಬೇಕು. 'ಭ್ರಾಂತಿವಿಲಾಸ'ವೆಂಬ ಹೆಸರು ಅದನ್ನು ಮೂಲಕ್ಕಿಂತಲೂ ಚೆನ್ನಾಗಿ ಹಿಡಿದಿದೆ.

ವೇಷ ಭ್ರಾಂತಿಗಳೆರಡನ್ನೂ ಒಂದೇ ನೂಲಿನಲ್ಲಿ ಹೊಸೆದ ನಾಟಕ 'ಟ್ವೆಲ್ಫ್ತ್ ನೈಟ್'. ಹಡಗು ಒಡೆದು ದಡ ಸೇರಿದ ವಯೋಲಾ ಎಂಬ ಹುಡುಗಿ, ಅವಳಿ ಅಣ್ಣನು ನೀರುಪಾಲಾದನೆಂದು ನಂಬಿ, ಗಂಡುಡುಪು ತೊಟ್ಟು ದೊರೆಯ ಸೇವೆಗೆ ನಿಲ್ಲುತ್ತಾಳೆ. 1660ಕ್ಕೆ ಮುಂಚೆ ಇಂಗ್ಲೆಂಡಿನ ವೃತ್ತಿರಂಗದ ಮೇಲೆ ಹೆಂಗಸರಿರಲಿಲ್ಲ. 1884ರಲ್ಲಿ ಹುಟ್ಟಿದ ನಮ್ಮ ಗುಬ್ಬಿ ಕಂಪೆನಿಯಲ್ಲಿಯೂ ಮೊದಲಿಗೆ ಸ್ತ್ರೀಪಾತ್ರ ಗಂಡಸರದೇ. ಹೀಗಾಗಿ ಅಲ್ಲಿ ಹುಡುಗನು ಹುಡುಗಿಯಾಗಿ, ಆ ಹುಡುಗಿ ಮತ್ತೆ ಹುಡುಗನಾಗಿ ನಿಲ್ಲುತ್ತಿದ್ದಳು. ಮೋಹಿನಿಯನ್ನು ಕಂಡವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. 1602ರ ಫೆಬ್ರವರಿ 2ರಂದು ಇದನ್ನು ನೋಡಿದ ಮ್ಯಾನಿಂಗ್‌ಹ್ಯಾಮ್ ಎಂಬ ನ್ಯಾಯಶಾಸ್ತ್ರದ ವಿದ್ಯಾರ್ಥಿ, ಇದು 'ಕಾಮೆಡಿ ಆಫ್ ಎರರ್ಸ್'ನಂತೆಯೇ ಇದೆಯೆಂದು ದಿನಚರಿಯಲ್ಲಿ ಬರೆದಿಟ್ಟನು.

ಅವನು ಹೇಳಿದುದು ನಿಜವೇ. ಆದರೆ ನೋವು ಇಲ್ಲಿ ಹೆಚ್ಚು. ಬೃಹನ್ನಳೆಗೆ ಒಂದು ವರ್ಷದ ಗಡುವಾದರೂ ಇತ್ತು, ವಯೋಲಾಳಿಗೆ ಅದೂ ಇಲ್ಲ. ಆಂಟೋನಿಯೋ ಎಂಬ ನಾವಿಕನು ಅವಳ ಅಣ್ಣನ ಪ್ರಾಣ ಉಳಿಸಿದವನು. ಅವನು ಅವಳನ್ನೇ ಆ ಗೆಳೆಯನೆಂದು ತಿಳಿದು, ಸೆರೆಸಿಕ್ಕುವ ಹೊತ್ತಿನಲ್ಲಿ ತಾನು ಕೊಟ್ಟಿದ್ದ ಹಣವನ್ನು ಕೇಳುತ್ತಾನೆ. ಆಕೆ ನೀನಾರೋ ಅರಿಯೆನೆನ್ನುತ್ತಾಳೆ. ಅವಳದೂ ಸತ್ಯವೇ, ಅವನ ಸಂಕಟವೂ ಸತ್ಯವೇ. ದುಷ್ಯಂತನ ಆಸ್ಥಾನದಲ್ಲಿ ಶಕುಂತಲೆ ನಿಂತ ಗಳಿಗೆಯನ್ನು ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ಕಂಡವರಿಗೆ ಈ ನಾವಿಕನ ಮುಖವನ್ನು ಊಹಿಸಿಕೊಳ್ಳುವುದು ಕಷ್ಟವಾಗಲಾರದು.

ಷೇಕ್ಸ್‌ಪಿಯರನಿಗೆ ಅವಳಿ ಮಕ್ಕಳಿದ್ದರು: ಹ್ಯಾಮ್ನೆಟ್ ಗಂಡು, ಜೂಡಿತ್ ಹೆಣ್ಣು. 1585ರ ಫೆಬ್ರವರಿ 2ರಂದು ಅವರಿಗೆ ದೀಕ್ಷಾಸ್ನಾನವಾಯಿತು. 1596ರಲ್ಲಿ ಹುಡುಗನು ತೀರಿಕೊಂಡನು. ಕೆಲವು ವರ್ಷಗಳ ಮೇಲೆ ತಂದೆಯು ಬರೆದ ಈ ನಾಟಕದ ಕೊನೆಯಲ್ಲಿ, ಸತ್ತನೆಂದುಕೊಂಡಿದ್ದ ಅಣ್ಣನು ತಂಗಿಯ ಎದುರಿಗೆ ಬಂದು ನಿಲ್ಲುತ್ತಾನೆ. ಇಬ್ಬರೂ ಓಡಿ ಅಪ್ಪಿಕೊಳ್ಳುವುದಿಲ್ಲ. ಅಪ್ಪನ ಹುಬ್ಬಿನ ಮೇಲೆ ಮಚ್ಚೆಯಿತ್ತಲ್ಲವೆ, ನಮಗೆ ಹದಿಮೂರು ತುಂಬಿದ ದಿನ ಅವರು ತೀರಿಕೊಂಡರಲ್ಲವೆ ಎಂದು ಒಂದೊಂದೇ ಗುರುತನ್ನು ಒರೆಹಚ್ಚಿ ನೋಡುತ್ತಾರೆ. ವಯೋಲಾಳ ಸೀರೆಕುಪ್ಪಸಗಳು ಎನ್ನೋಣ, ಅವಳ ಹೆಣ್ಣುಡುಪು, ಹಡಗಿನ ಯಜಮಾನನೊಬ್ಬನ ಬಳಿ ಇವೆ, ಆತನೋ ಸೆರೆಮನೆಯಲ್ಲಿ. ಅವು ಬರುವ ಮುಂಚೆಯೇ ನಾಟಕ ಮುಗಿಯುತ್ತದೆ. ಆಕೆ ಗಂಡುಡುಪಿನಲ್ಲಿಯೇ ರಂಗದಿಂದ ನಿರ್ಗಮಿಸುತ್ತಾಳೆ.