ರಜೆಯ ನಂತರದ ಕುರ್ಚಿ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೊರಟರೆ ನಿಫಾಡ ದಾಟಿದ ಮೇಲೆ ಯೇವಲಾ ಸಿಗುತ್ತದೆ, ಯೇವಲಾದ ನಂತರ ವೈಜಾಪುರ. ಇವೆರಡರ ನಡುವೆ ಎಲ್ಲೋ ಒಂದು ಹಳೆಯ ಗಡಿ ಇತ್ತು. ಯೇವಲಾ ಮುಂಬಯಿ ಪ್ರಾಂತ್ಯದ್ದು, ವೈಜಾಪುರ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಈಗ ಅಲ್ಲಿ ಗುರುತಿನ ಕಲ್ಲೂ ಕಾಣಿಸದು. ಆದರೆ ಕನ್ನಡಿಗರಾದ ನಮಗೆ ಆ ಗಡಿ ಅಪರಿಚಿತವಲ್ಲ. 1956ರ ನವೆಂಬರ್ 1ರವರೆಗೆ ನಾಸಿಕ, ಧಾರವಾಡ, ಬೆಳಗಾವಿ, ವಿಜಾಪುರಗಳು ಒಂದೇ ಶಾಸನಸಭೆಯ ಅಧೀನದಲ್ಲಿದ್ದವು. ಔರಂಗಾಬಾದ್, ಕಲಬುರಗಿ, ಬೀದರ, ರಾಯಚೂರುಗಳು ಇನ್ನೊಂದು ದೊರೆತನದ ಅಧೀನದಲ್ಲಿದ್ದವು. ಈ ಎರಡು ನಗರಗಳಿಗೆ ಉದ್ಯೋಗಕ್ಕೆಂದು ಬಂದ ನಾವು ಪರರಾಜ್ಯಕ್ಕೆ ಬಂದೆವೆಂದು ಭಾವಿಸುತ್ತೇವೆ. ನಮ್ಮ ಅಜ್ಜಂದಿರ ಕಾಗದಪತ್ರಗಳ ಪ್ರಕಾರ ನಾವು ಒಂದೇ ಸರ್ಕಾರದ ಇನ್ನೊಂದು ಜಿಲ್ಲೆಗೆ ಬಂದಿದ್ದೇವೆ. (ಸಂಭಾಜಿನಗರ ಜಿಲ್ಲೆಯಲ್ಲಿ 'ಕನ್ನಡ' ಎಂಬ ಹೆಸರಿನ ತಾಲ್ಲೂಕೇ ಇದೆ. ಆ ಹೆಸರಿನ ಮೂಲ ಏನೇ ಇರಲಿ, ಬಸ್ಸಿನ ಫಲಕದ ಮೇಲೆ ಅದನ್ನು ಮೊದಲ ಸಲ ಓದಿದಾಗ ನಮ್ಮಲ್ಲಿ ಎಷ್ಟೋ ಮಂದಿ ನಿಂತು ನೋಡಿದ್ದೇವೆ.)

ಈ ಲೇಖನಕ್ಕೆ ಕಾರಣವಾದದ್ದು ನಮ್ಮ ಬಳಗದ ಹಿರಿಯ ಸದಸ್ಯೆಯೊಬ್ಬರ ಅನುಭವ. ಹುಮನಾಬಾದಿನ ಕಡೆಯವರು. ಸಂಭಾಜಿನಗರದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ನಾಲ್ಕು ವರ್ಷ ದುಡಿದವರು. ತಾಯಿಗೆ ಪಾರ್ಶ್ವವಾಯು ಬಡಿದಾಗ ಗಳಿಕೆ ರಜೆಯನ್ನೆಲ್ಲ ಮುಗಿಸಿ, ಆಮೇಲೆ ಸಂಬಳವಿಲ್ಲದ ರಜೆಯನ್ನೂ ಸೇರಿಸಿ ಐದು ತಿಂಗಳು ಊರಿನಲ್ಲಿದ್ದರು. ತಾಯಿಯ ಕ್ರಿಯಾಕರ್ಮ ಮುಗಿಸಿ ಹಿಂದಿರುಗಿದಾಗ ಅವರ ಮೇಜಿನಲ್ಲಿ ಬೇರೊಬ್ಬರು ಕುಳಿತಿದ್ದರು. ಯಾರೂ ಗದರಲಿಲ್ಲ, ಯಾರೂ ಕೆಲಸದಿಂದ ತೆಗೆಯಲಿಲ್ಲ. ಹಳೆಯ ವೋಚರುಗಳ ಕೋಣೆಯಲ್ಲಿ ಒಂದು ಕುರ್ಚಿ ತೋರಿಸಿದರು. ಆ ವರ್ಷದ ಮೌಲ್ಯಮಾಪನದಲ್ಲಿ 'ಕೆಲಸದಲ್ಲಿ ಮೊದಲಿನ ಶ್ರದ್ಧೆ ಇಲ್ಲ' ಎಂದು ಬರೆದರು. ಸ್ವಯಂ ನಿವೃತ್ತಿಯ ಮಾತನ್ನು ಎರಡು ಸಲ ಎತ್ತಿದರು. "ನಮ್ಮವ್ವನ್ನ ನೋಡ್ಕೊಂಡಿದ್ದು ತಪ್ಪಾತೇನ್ರಿ?" ಎಂದು ಅವರು ಕೇಳಿದ್ದಕ್ಕೆ ನಮ್ಮ ಸಭೆಯಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಸಹಾನುಭೂತಿ ಹೇಳುವುದು ಸುಲಭವಿತ್ತು. ಆದರೆ ಇಂಥ ರಜೆಗೆ ನಮ್ಮ ದೇಶದ ಕಾನೂನು ಯಾವಾಗ, ಎಷ್ಟರಮಟ್ಟಿಗೆ ಕಣ್ಣು ತೆರೆಯಿತು ಎಂದು ಹುಡುಕಹೊರಟಾಗ ಮೇಲೆ ಹೇಳಿದ ರಸ್ತೆಯೇ ಮತ್ತೆ ನಮ್ಮೆದುರು ಬಂತು.

ಮನೆಯ ಕಾರಣಕ್ಕೆ ಕೆಲಸದಿಂದ ದೂರವಿದ್ದವರನ್ನು ಕಾನೂನು ಮೊದಲು ಗುರುತಿಸಿದ್ದು ಬಾಣಂತಿಯರ ರೂಪದಲ್ಲಿ. 1919ರಲ್ಲಿ ವಾಷಿಂಗ್‌ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಹೆರಿಗೆಯ ಹಿಂದುಮುಂದಿನ ವಿಶ್ರಾಂತಿಯ ಬಗ್ಗೆ ಒಡಂಬಡಿಕೆಯೊಂದನ್ನು ಅಂಗೀಕರಿಸಿತು. ಭಾರತ ಅದಕ್ಕೆ ಸಹಿ ಹಾಕಲಿಲ್ಲ. 1924ರಲ್ಲಿ ಕಾರ್ಮಿಕ ಮುಖಂಡ ಎನ್. ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ತಂದ ಹೆರಿಗೆ ಭತ್ಯೆಯ ಮಸೂದೆ ಬಿದ್ದುಹೋಯಿತು. ಗೆದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಆರ್. ಎಸ್. ಅಸವಲೆಯವರು ಮಂಡಿಸಿದ ಮಸೂದೆಯ ಮೇಲೆ 1928ರ ಜುಲೈನಲ್ಲಿ ಮುಂಬಯಿ ಶಾಸನಮಂಡಲಿಯಲ್ಲಿ ಚರ್ಚೆ ನಡೆದಾಗ ಅದರ ಪರವಾಗಿ ಎದ್ದು ಮಾತನಾಡಿದವರಲ್ಲಿ ನಾಮಕರಣಗೊಂಡ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಒಬ್ಬರು. ತಾಯಿಗೆ ವಿಶ್ರಾಂತಿ ಕೊಡುವುದು ರಾಷ್ಟ್ರದ ಹಿತಕ್ಕೆ ಸೇರಿದ್ದು, ಆದ್ದರಿಂದ ಅದರ ಹೊರೆಯಲ್ಲಿ ಹೆಚ್ಚಿನ ಪಾಲನ್ನು ಸರ್ಕಾರ ಹೊರಬೇಕು. ಆದರೆ ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಹೊಣೆಯಿಂದ ಪೂರ್ತಿ ತಪ್ಪಿಸಿಕೊಳ್ಳಲಾಗದು ಎಂಬುದು ಅವರ ವಾದದ ತಿರುಳು. 1929ರಲ್ಲಿ ಮುಂಬಯಿ ಹೆರಿಗೆ ಭತ್ಯೆ ಕಾಯಿದೆ ಬಂತು. ದೇಶದಲ್ಲಿ ಈ ಬಗೆಯ ಮೊದಲ ಕಾಯಿದೆ ಅದು.

ಮರುವರ್ಷವೇ, 1930ರ ಮಾರ್ಚ್ 2ರಂದು, ನಾಸಿಕದಲ್ಲಿ ಕಾಳಾರಾಮ ಮಂದಿರದ ಸತ್ಯಾಗ್ರಹ ಆರಂಭವಾಯಿತು. 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂಬ ಘೋಷಣೆ ಹೊರಬಿತ್ತು. 1950ರಲ್ಲಿ ಔರಂಗಾಬಾದಿನಲ್ಲಿ ಮುಂದೆ ಮಿಲಿಂದ ಎಂದು ಹೆಸರಾದ ಕಾಲೇಜು ಹುಟ್ಟಿತು. ಈ ದಾರಿಯ ಮೂರೂ ಊರುಗಳಲ್ಲಿ ಅಂಬೇಡ್ಕರರ ಹೆಸರು ಎದ್ದು ಕಾಣುತ್ತದೆ. ಆದರೆ 1928ರ ಆ ಭಾಷಣವಾಗಲಿ, ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ 1943ರಲ್ಲಿ ಗಣಿ ಕಾರ್ಮಿಕ ಮಹಿಳೆಯರ ಹೆರಿಗೆ ಭತ್ಯೆಯ ಕಾನೂನನ್ನು ಅವರು ತಿದ್ದಿದ್ದಾಗಲಿ ಇಲ್ಲಿಯ ಜಯಂತಿಗಳಲ್ಲಿ ನಮ್ಮ ಕಿವಿಗೆ ಬಿದ್ದದ್ದು ಕಡಿಮೆ.

ಮುಂಬಯಿಯ ನಂತರ ಮದರಾಸು ಪ್ರಾಂತ್ಯ, ಆಮೇಲೆ 1937ರಲ್ಲಿ ಮೈಸೂರು ಸಂಸ್ಥಾನ ಇಂಥದೇ ಕಾಯಿದೆ ಮಾಡಿದವು. ಹಾಗಾಗಿ ಆ ದಶಕದಲ್ಲಿ ಒಬ್ಬ ಕನ್ನಡತಿ ಹೆರಿಗೆಗೆಂದು ಯಂತ್ರದ ಪಕ್ಕದಿಂದ ಎದ್ದು ಹೋದರೆ ಆಕೆಗೆ ಏನು ಸಿಗುತ್ತದೆ ಎಂಬುದು ಆಕೆಯ ಊರು ಯಾರ ಆಳ್ವಿಕೆಯಲ್ಲಿದೆ ಎಂಬುದನ್ನು ಅವಲಂಬಿಸಿತ್ತು. ಅಖಿಲ ಭಾರತದ ಕಾಯಿದೆಗಾಗಿ ನಾವು 1961ರವರೆಗೆ ಕಾಯಬೇಕಾಯಿತು.

ಕಾಯಿದೆಯ ಹಿಂದೆಯೇ ಅದರ ನೆರಳೂ ಬಂತು. 1920ರ ದಶಕದಲ್ಲಿ ಮುಂಬಯಿಯ ಹತ್ತಿಗಿರಣಿಗಳ ಕೆಲಸಗಾರರಲ್ಲಿ ಸುಮಾರು ಐದರಲ್ಲೊಂದು ಪಾಲು ಹೆಂಗಸರಿದ್ದರು. ಮುಂದಿನ ದಶಕಗಳಲ್ಲಿ ಆ ಪಾಲು ಕರಗುತ್ತ ಬಂತು. ಕಾರಣ ಒಂದೇ ಅಲ್ಲ: ರಾತ್ರಿಪಾಳಿಯ ನಿಷೇಧ, ಹೊಸ ಯಂತ್ರಗಳು, ಕೆಲಸಗಾರರನ್ನು ಕಡಿತಗೊಳಿಸುವ 'ರ‍್ಯಾಷನಲೈಸೇಶನ್' ಎಲ್ಲವೂ ಸೇರಿವೆ. ಆದರೆ ಹೆರಿಗೆ ಭತ್ಯೆಯ ಖರ್ಚು ತಪ್ಪಿಸಲು ಗರ್ಭಿಣಿಯನ್ನು ಮೊದಲೇ ಮನೆಗೆ ಕಳಿಸುವುದು, ಭತ್ಯೆಗೆ ಬೇಕಾದ ಸೇವಾವಧಿ ತುಂಬದಂತೆ ನೋಡಿಕೊಳ್ಳುವುದು ಆ ಕಾಲದ ಕಾರ್ಮಿಕ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುವ ದೂರು. ರಜೆಯ ಹಕ್ಕು ಕೊಟ್ಟರೆ ಹಕ್ಕುದಾರರನ್ನೇ ಇಲ್ಲದಂತೆ ಮಾಡುವ ಜಾಣತನ ನಮ್ಮಲ್ಲಿ ಹೊಸದೇನಲ್ಲ.

ಅದೇ ಮುಂಬಯಿಯಲ್ಲಿ ಔಷಧ ಉದ್ಯಮದ ಕಂಪನಿಯೊಂದು ಮದುವೆಯಾದ ಕೂಡಲೇ ಹೆಣ್ಣುಮಕ್ಕಳ ಕೆಲಸ ಮುಗಿಯಿತೆಂಬ ನಿಯಮ ಇಟ್ಟುಕೊಂಡಿತ್ತು. ಮದುವೆಯಾದವರು ಹೆಚ್ಚು ಗೈರುಹಾಜರಾಗುತ್ತಾರೆ ಎಂಬುದು ಅದರ ಸಮರ್ಥನೆ. ಬಾಂಬೆ ಲೇಬರ್ ಯೂನಿಯನ್ ಹೂಡಿದ ಮೊಕದ್ದಮೆಯಲ್ಲಿ 1965ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ತೆಗೆದುಹಾಕಿತು. ಮಕ್ಕಳಿರುವುದೇ ಗೈರುಹಾಜರಿಗೆ ಕಾರಣವಾದರೆ ಮಕ್ಕಳಿರುವ ವಿಧವೆಯರಿಗೂ ಅದು ಅನ್ವಯಿಸಬೇಕಲ್ಲವೇ ಎಂಬುದು ನ್ಯಾಯಾಲಯದ ಒಂದು ಪ್ರಶ್ನೆ. ಹೆರಿಗೆ ರಜೆಯಿಂದ ಕೆಲಸ ನಿಲ್ಲುವುದಾದರೆ ಒಂದಿಷ್ಟು ಮೀಸಲು ಸಿಬ್ಬಂದಿಯನ್ನು ಇಟ್ಟುಕೊಳ್ಳಬಹುದು ಎಂಬುದು ಅದು ಸೂಚಿಸಿದ ದಾರಿ. ಅರವತ್ತು ವರ್ಷ ಕಳೆದರೂ ಎಷ್ಟೋ ಕಚೇರಿಗಳಿಗೆ ಈ ಸರಳ ಉಪಾಯ ಹೊಳೆದಿಲ್ಲ.

ಇವೆಲ್ಲ ಎಳೆಯ ವಯಸ್ಸಿನವರ ಪ್ರಕರಣಗಳು. ದೀರ್ಘ ಸೇವೆಯ ಹಿರಿಯ ಉದ್ಯೋಗಿಯೊಬ್ಬರ ಎದುರು 'ಮನೆ' ಎಂಬ ಪದವನ್ನು ಅಡ್ಡಗಟ್ಟೆಯಾಗಿ ನಿಲ್ಲಿಸಿದ ಪ್ರಕರಣ ನಮ್ಮ ಕೊಡಗಿನದು. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಯ ಮೊದಲ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಸೇರುವಾಗಲೇ ಅವರಿಂದ ಬರೆಸಿಕೊಳ್ಳಲಾಗಿತ್ತು. ಅವರು ಮದುವೆಯಾಗಲಿಲ್ಲ. 1961ರ ಸೇವಾನಿಯಮಗಳಂತೂ ಅದನ್ನೇ ಅಕ್ಷರಕ್ಕಿಳಿಸಿದ್ದವು: ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ನಂತರ ಕುಟುಂಬದ ಹೊಣೆಗಳು ಕರ್ತವ್ಯಕ್ಕೆ ಅಡ್ಡಿಯಾಗುವ ಸಂಭವವಿದೆ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದು. ಅಡ್ಡಿಯಾಗಿರಬೇಕೆಂದಿಲ್ಲ, ಸಂಭವವಿದ್ದರೆ ಸಾಕು!

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆದರೆ ಅದೇ ಸೇವೆಯ ಮೇಲಿನ ದರ್ಜೆಗೆ ಬಡ್ತಿ ಕೊಡುವ ಹೊತ್ತಿಗೆ ಅವರನ್ನು ಬಿಟ್ಟು ಕಿರಿಯರನ್ನು ಮುಂದೆ ತಂದರು. ಮೂವತ್ತು ವರ್ಷದ ಸೇವೆ, ಐವತ್ತೈದರ ವಯಸ್ಸು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಆ ಕಾರಣದಿಂದ ಅರ್ಜಿಯನ್ನು ವಜಾ ಮಾಡಿದರು. ವಜಾ ಆದ ಅರ್ಜಿಯೊಂದು ಇಷ್ಟು ನೆನಪಿನಲ್ಲಿ ಉಳಿದದ್ದು ಅಪರೂಪ. ಆ ನಿಯಮಗಳಲ್ಲಿ ಹೆಣ್ಣಿನ ಬಗೆಗಿನ ತಾತ್ಸಾರ ಎದ್ದು ಕಾಣುತ್ತದೆಂದು ತೀರ್ಪು ಹೇಳಿತು. ಹೆಣ್ಣಿನ ಮನೆಯ ಹೊಣೆ ಕೆಲಸಕ್ಕೆ ಅಡ್ಡಿಯಾಗಬಹುದಾದರೆ ಗಂಡಿನದೂ ಆಗಬಹುದು ಎಂದಿತು. ಬಡ್ತಿ ತಡವಾದ್ದರಿಂದ ಕಳೆದುಹೋದ ಹಿರಿತನವನ್ನು ಮರುಪರಿಶೀಲಿಸಬೇಕೆಂದು ಸರ್ಕಾರಕ್ಕೆ ಸೂಚಿಸಿತು.

ನಮಗೆ ಈ ಕೊನೆಯ ಅಂಶವೇ ಮುಖ್ಯವೆನಿಸುತ್ತದೆ. ಹಿರಿಯ ಉದ್ಯೋಗಿಗೆ ಆಗುವ ಅನ್ಯಾಯ ಬಹುತೇಕ ಕೆಲಸ ಹೋಗುವ ರೂಪದಲ್ಲಿ ಬರುವುದಿಲ್ಲ. ಹಿರಿತನ, ಮೇಜು, ಮೇಲಧಿಕಾರಿಯ ಒಂದು ಸಾಲಿನ ಷರಾ ಇವುಗಳ ರೂಪದಲ್ಲಿ ಬರುತ್ತದೆ. ಹೆರಿಗೆ ರಜೆಯ ಮಟ್ಟಿಗೆ ಕಾನೂನು ಇದನ್ನು ಗ್ರಹಿಸಿದೆ. 1961ರ ಕಾಯಿದೆಯ 12ನೇ ಸೆಕ್ಷನ್ ರಜೆಯ ಕಾರಣಕ್ಕೆ ವಜಾ ಮಾಡುವುದನ್ನಷ್ಟೇ ಅಲ್ಲ, ಆ ರಜೆಯಲ್ಲಿರುವಾಗ ಸೇವಾ ಷರತ್ತುಗಳನ್ನು ಆಕೆಗೆ ನಷ್ಟವಾಗುವಂತೆ ಬದಲಿಸುವುದನ್ನೂ ನಿಷೇಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ರಕ್ಷಣೆಯನ್ನು ಉಳಿಸಿಕೊಂಡಿದೆ. ಆದರೆ ಐವತ್ತರ ಹೆಂಗಸಿಗೆ ಈ ಸೆಕ್ಷನ್ ಯಾವ ಉಪಯೋಗಕ್ಕೆ? ಆಕೆಯ ಮನೆಯಲ್ಲಿ ಈಗ ಇರುವುದು ತೊಟ್ಟಿಲಲ್ಲ, ಹಾಸಿಗೆ ಹಿಡಿದ ತಾಯಿಯೋ ಅತ್ತೆಯೋ ಗಂಡನೋ.

ಸರ್ಕಾರಿ ನೌಕರರಿಗೆ ಶಿಶುಪಾಲನಾ ರಜೆ ಬಂತು. ಕೇಂದ್ರ ಸರ್ಕಾರ 2008ರಲ್ಲಿ 730 ದಿನ ಕೊಟ್ಟಿತು. ಮಹಾರಾಷ್ಟ್ರ 2018ರಲ್ಲಿ 180 ದಿನ. ಕರ್ನಾಟಕ 2021ರ ಮುಂಗಡಪತ್ರದಲ್ಲಿ ಆರು ತಿಂಗಳು ಘೋಷಿಸಿತು. ಒಳ್ಳೆಯದೇ. ಮಗುವಿಗೆ ಹದಿನೆಂಟು ತುಂಬಿದರೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಉಳಿಯುವುದು ಅಸಾಧಾರಣ ರಜೆ. ಕೇಂದ್ರ ನೌಕರರ ನಿಯಮಗಳಲ್ಲಿ ಅದರ ಒಂದು ಸೂಕ್ಷ್ಮವಿದೆ: ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪಡೆದ ಅಸಾಧಾರಣ ರಜೆ ವೇತನಬಡ್ತಿಗೂ ಪಿಂಚಣಿಗೂ ಲೆಕ್ಕಕ್ಕೆ ಬರುತ್ತದೆ, ಆದರೆ ಆ ಪ್ರಮಾಣಪತ್ರ ನೌಕರರ ಸ್ವಂತ ಕಾಯಿಲೆಯದಾಗಿರಬೇಕು. ತಾಯಿಯ ಹೆಸರಿನ ಪ್ರಮಾಣಪತ್ರ ತಾಯಿಯದು. ಸ್ವತಃ ಮಲಗಿದ್ದರೆ ಸೇವೆ ಉಳಿಯುತ್ತದೆ, ಮಲಗಿದವರ ಪಕ್ಕ ಕುಳಿತಿದ್ದರೆ ಇಲ್ಲ.

ಇನ್ನೊಂದು ಕಡೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಇದೆ. ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳಿಂದ ನ್ಯಾಯಮಂಡಳಿ ಜೀವನಾಂಶ ಕೊಡಿಸಬಹುದು. ವೃದ್ಧರನ್ನು ತೊರೆದುಹೋದರೆ ಮೂರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ನೋಡಿಕೊಳ್ಳದಿದ್ದರೆ ಶಿಕ್ಷೆ ಎಂದ ಕಾನೂನು, ನೋಡಿಕೊಳ್ಳಲು ಹೋದವರ ಕುರ್ಚಿಯ ಬಗ್ಗೆ ಒಂದು ಮಾತನ್ನೂ ಆಡಿಲ್ಲ.

ರಜೆ ಎಂಬ ಪದವೇ ಇಲ್ಲದವರ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. ಸಂಭಾಜಿನಗರ ವಿಭಾಗದ ಬೀಡ ಜಿಲ್ಲೆಯಿಂದ ಪ್ರತಿ ಹಂಗಾಮಿಗೆ ಕಬ್ಬು ಕಡಿಯುವ ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ ಸೀಮೆಗೂ ಹೋಗುತ್ತವೆ. ಗಂಡಹೆಂಡಿರನ್ನು ಒಂದು 'ಕೋಯ್ತಾ' ಎಂದು ಎಣಿಸಲಾಗುತ್ತದೆ. ಒಬ್ಬರು ಒಂದು ದಿನ ತಪ್ಪಿದರೂ ಮುಕಾದಮನಿಗೆ ದಂಡ ತೆರಬೇಕು. ಅದಕ್ಕೆ 'ಖಾಡಾ' ಎನ್ನುತ್ತಾರೆ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ‍್ಹೆಯವರ ನೇತೃತ್ವದಲ್ಲಿ ಸಮಿತಿ ನೇಮಿಸಿದಾಗ, ಸಮೀಕ್ಷೆಗೆ ಸಿಕ್ಕ ಸುಮಾರು 82 ಸಾವಿರ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ತೆಗೆಸಿದ್ದು ಕಂಡುಬಂತು. ದಿನಗೂಲಿ ತಪ್ಪುವ ಭಯ ಅದರ ಕಾರಣಗಳಲ್ಲಿ ಒಂದು.

ಹೊರದೇಶಗಳು ಈ ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಟ್ಟಿವೆ. ಅಮೆರಿಕದ 1993ರ ಕಾಯಿದೆ ತಂದೆತಾಯಿಯ ಗಂಭೀರ ಕಾಯಿಲೆಗೂ 12 ವಾರಗಳ ರಜೆ ಕೊಡುತ್ತದೆ. ಸಂಬಳವಿಲ್ಲ, ಆದರೆ ಹಿಂದಿರುಗಿದಾಗ ಅದೇ ಅಥವಾ ಸಮಾನ ಹುದ್ದೆ ಸಿಗಬೇಕು. ಜಪಾನಿನಲ್ಲಿ ಆರೈಕೆಗಾಗಿ 93 ದಿನ. ಬ್ರಿಟನ್ನಿನಲ್ಲಿ 2024ರ ಏಪ್ರಿಲಿನಿಂದ ವರ್ಷಕ್ಕೆ ಒಂದು ವಾರ, ಅದೂ ಸಂಬಳವಿಲ್ಲದೆ. ಕುಟುಂಬದ ಹೊಣೆ ಕೆಲಸದಿಂದ ತೆಗೆಯಲು ಕಾರಣವಾಗಬಾರದು ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 156ನೇ ಒಡಂಬಡಿಕೆ 1981ರದು. ಅದಕ್ಕೂ ಭಾರತದ ಒಪ್ಪಿಗೆ ಬಂದಿಲ್ಲ. ಈ ಪಟ್ಟಿಯಲ್ಲಿ ನಮ್ಮ ಗೆಳತಿಗೆ ಅತ್ಯಂತ ಅಸೂಯೆ ಹುಟ್ಟಿಸಿದ್ದು ಜಪಾನಿನ 93 ದಿನಗಳಲ್ಲ, ಅಮೆರಿಕದ 'ಸಮಾನ ಹುದ್ದೆ' ಎಂಬ ಎರಡು ಪದಗಳು.

ಅವರ ಕೈಗೆ ಕೊನೆಗೆ ಸಿಕ್ಕ ಆಸರೆ ಸಣ್ಣದು. ಅವರ ಕಡತದಲ್ಲಿ ಯಾರೋ ಪೆನ್ಸಿಲಿನಲ್ಲಿ 'ಸೇವೆಯಲ್ಲಿ ಖಂಡ' ಎಂದು ಗುರುತು ಹಾಕಿದ್ದರು. ಅದು ನಿಂತರೆ ಇಪ್ಪತ್ನಾಲ್ಕು ವರ್ಷಕ್ಕೆ, ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಬರಬೇಕಾದ ಗ್ರಾಚುಯಿಟಿಯ ಲೆಕ್ಕವೇ ತಲೆಕೆಳಗಾಗುತ್ತಿತ್ತು. ಆದರೆ 1972ರ ಗ್ರಾಚುಯಿಟಿ ಕಾಯಿದೆಯ 2ಎ ಸೆಕ್ಷನ್ ಪ್ರಕಾರ ರಜೆಯಿಂದ ಸೇವೆ ತುಂಡಾಗುತ್ತಿರಲಿಲ್ಲ. ರಜೆಯಿಲ್ಲದ ಗೈರುಹಾಜರಿಯೂ, ಸ್ಥಾಯೀ ಆದೇಶಗಳ ಪ್ರಕಾರ ಸ್ಪಷ್ಟ ಆದೇಶ ಹೊರಡಿಸದ ಹೊರತು, ಸೇವೆಯನ್ನು ತುಂಡರಿಸುತ್ತಿರಲಿಲ್ಲ. ನಮ್ಮ ಬಳಗದಲ್ಲಿದ್ದ ನಿವೃತ್ತ ಕಾರ್ಮಿಕ ಅಧಿಕಾರಿಯೊಬ್ಬರು ಇದನ್ನು ತಿಳಿಸಿ, ಅಂಥ ಆದೇಶ ಇದ್ದರೆ ಪ್ರತಿ ಕೊಡಿ ಎಂದು ಅವರಿಂದ ಒಂದು ಪತ್ರ ಬರೆಸಿದರು. ಮರಾಠಿಯಲ್ಲಿ ಬರೆದ ಪತ್ರ. ಕರಡು ಮಾತ್ರ ಕನ್ನಡದಲ್ಲಿತ್ತು.

ಮೂರು ವಾರದ ನಂತರ ಒಂದು ಸಾಲಿನ ಉತ್ತರ ಬಂತು: ಅಂಥ ಆದೇಶ ಹೊರಡಿಸಿಲ್ಲ. ಪೆನ್ಸಿಲಿನ ಗುರುತನ್ನು ಅಳಿಸಿದ್ದಾರೆ. ಕುರ್ಚಿ ಇನ್ನೂ ವೋಚರುಗಳ ಕೋಣೆಯಲ್ಲಿಯೇ ಇದೆ.