ಶಾಲೆಯ ಆಯ್ಕೆ ಯಾರದು? ಬಳ್ಳಾರಿ ಸೀಮೆಯ ಪಡುವಣ ತಾಲ್ಲೂಕುಗಳ ಚರಿತ್ರೆ ಕಲಿಸುವ ಪಾಠ

ಬೇಸಿಗೆಯ ರಜೆ ಬಂದೊಡನೆ ಧರ್ಮಕೇಂದ್ರದ ಗುರುಗಳ ಮುಂದೆ ತಂದೆತಾಯಿಗಳು ಇಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಮಗುವನ್ನು ಯಾವ ಪ್ರೌಢಶಾಲೆಗೆ ಸೇರಿಸಬೇಕು, ಕಥೋಲಿಕ ಶಾಲೆಗೋ ಬೇರೆ ಖಾಸಗಿ ಶಾಲೆಗೋ? 1983ರ ಧರ್ಮಸಭೆಯ ಕಾನೂನು ಸಂಹಿತೆ ಇದಕ್ಕೆ ತಳಹದಿಯನ್ನು ಹಾಕಿಕೊಟ್ಟಿದೆ. ಶಾಲೆಯನ್ನು ಆರಿಸುವಲ್ಲಿ ಪೋಷಕರಿಗೆ ನಿಜವಾದ ಸ್ವಾತಂತ್ರ್ಯವಿರಬೇಕೆಂದು 797ನೆಯ ನಿಯಮ ಹೇಳುತ್ತದೆ. ಕಥೋಲಿಕ ಶಿಕ್ಷಣ ನೀಡುವ ಶಾಲೆಗೆ ಮಕ್ಕಳನ್ನು ಒಪ್ಪಿಸಬೇಕು, ಅದು ಸಾಧ್ಯವಾಗದಿದ್ದಲ್ಲಿ ಶಾಲೆಯ ಹೊರಗೆ ಅವರ ವಿಶ್ವಾಸಶಿಕ್ಷಣಕ್ಕೆ ತಕ್ಕ ಏರ್ಪಾಡು ಮಾಡಬೇಕೆಂದು 798ನೆಯ ನಿಯಮ ವಿಧಿಸುತ್ತದೆ. ಆ ಸ್ವಾತಂತ್ರ್ಯ 'ನಿಜವಾದದ್ದು' ಆಗುವುದು ಯಾವಾಗ ಎಂಬುದನ್ನು ಮಾತ್ರ ಚರಿತ್ರೆಯೇ ಹೇಳಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. 1953ರವರೆಗೆ ಈ ನೆಲವು ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಪಡುವಣ ಅಂಚಾಗಿತ್ತು.

1823ರ ವರದಿ

ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ಸ್ಥಿತಿಯನ್ನು ತಿಳಿಸುವಂತೆ ಎಲ್ಲ ಕಲೆಕ್ಟರರಿಗೂ ಆದೇಶಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ಉತ್ತರವು ಶಿಕ್ಷಣ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅನಂತಪುರವನ್ನೂ ಒಳಗೊಂಡಿದ್ದ ಅಂದಿನ ಜಿಲ್ಲೆಯಲ್ಲಿ ಅವನು ಎಣಿಸಿದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಇಂಗ್ಲಿಷಿನದು ಒಂದೇ ಒಂದು. ಒಟ್ಟು ವಿದ್ಯಾರ್ಥಿಗಳು 6,641. ಹೆಣ್ಣುಮಕ್ಕಳು ಕೇವಲ 60.

ಅಂಕಿಗಳಿಗಿಂತ ಮುಖ್ಯವಾದದ್ದು ಅವನು ಗುರುತಿಸಿದ ಕಾರಣ. ಹಿಂದೆ ಶಾಲೆಗಳಿದ್ದ ಹಲವು ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲ; ದೇಶಕ್ಕೆ ಬಡತನ ಕವಿದಿರುವುದರಿಂದ ನಡುವಿನ ಹಾಗೂ ಕೆಳಗಿನ ವರ್ಗದವರು ಕಲಿಕೆಯ ವೆಚ್ಚವನ್ನು ಭರಿಸಲಾರರು; ಮಕ್ಕಳ ಎಳೆಯ ಕೈಗಳೂ ದುಡಿಮೆಗೆ ಬೇಕಾಗಿವೆ. ಊರಿನಲ್ಲಿ ಐಗಳ ಶಾಲೆ ಇದ್ದಮಾತ್ರಕ್ಕೆ ಬಡವನ ಮಗನಿಗೆ ಆಯ್ಕೆಯೊಂದು ದೊರೆಯಿತೆಂದು ಅರ್ಥವಲ್ಲ. ಇನ್ನೂರು ವರ್ಷಗಳ ಬಳಿಕವೂ, ಸುಗ್ಗಿಗೆ ಗುಳೇ ಹೋಗುವ ಕುಟುಂಬಗಳಿರುವ ಈ ಸೀಮೆಯಲ್ಲಿ ಆ ಮಾತು ಹಳತಾಗಿಲ್ಲ.

ದಂಡಿನ ಊರು, ಮಠದ ಊರು

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದನು. ಬೈಬಲನ್ನು ಕನ್ನಡಕ್ಕೆ ತಂದ ಆದ್ಯರಲ್ಲಿ ಅವನೊಬ್ಬ. ಅದೇ ಮಿಷನ್ನಿನ ವಾರ್ಡ್‌ಲಾ ಶಾಲೆ 1846ರಲ್ಲಿ ಬಳ್ಳಾರಿಯಲ್ಲಿಯೇ ಹುಟ್ಟಿತು. 1854ರ ವುಡ್ ನಿರೂಪದ ನಂತರ ಸರ್ಕಾರದ ಸಹಾಯಧನವು ಖಾಸಗಿ ಶಾಲೆಗಳಿಗೆ ಆಸರೆಯಾಯಿತು. ಕಥೋಲಿಕ ಸೇವೆಯೂ ದಂಡು ಬೀಡುಬಿಟ್ಟಿದ್ದ ಬಳ್ಳಾರಿಯಲ್ಲಿಯೇ ಬೇರೂರಿತು. ಧರ್ಮಪ್ರಾಂತ್ಯವು ರೂಪುಗೊಂಡದ್ದು 1949ರಲ್ಲಿ.

ಪಡುವಣ ತಾಲ್ಲೂಕುಗಳ ಸ್ಥಿತಿ ಬೇರೆ. ಉಜ್ಜಿನಿಯ ಪೀಠ, ಕೊಟ್ಟೂರಿನ ಕೊಟ್ಟೂರೇಶ್ವರನ ಸನ್ನಿಧಿಗಳಿರುವ ಈ ನೆಲದಲ್ಲಿ ವಿದ್ಯಾದಾನದ ಸಂಪ್ರದಾಯವನ್ನು ಮಠಗಳು ಬೆಳೆಸಿದವು. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘವು 1916ರಲ್ಲಿ ಸ್ಥಾಪನೆಯಾಯಿತು. ಮಠದ ಶಾಲೆಯಲ್ಲಿಯೋ ಸರ್ಕಾರಿ ಶಾಲೆಯಲ್ಲಿಯೋ ಕಲಿಯುವ ಕ್ರೈಸ್ತ ಬಾಲಕನನ್ನು ನಾವು ದಾರಿ ತಪ್ಪಿದವನಂತೆ ಕಾಣಬಾರದು. ಹರಪನಹಳ್ಳಿಯಿಂದ ಬಳ್ಳಾರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರವಿದೆ. ಅಲ್ಲಿಯ ಕೂಲಿಕಾರ ತಂದೆಗೆ, ಧರ್ಮಪ್ರಾಂತ್ಯದ ಕೇಂದ್ರನಗರದಲ್ಲಿರುವ ಒಳ್ಳೆಯ ಶಾಲೆ ಇಲ್ಲದ ಶಾಲೆಯೇ ಸರಿ.

ಒಂದೇ ದಿನದ ಎರಡು ತೀರ್ಪುಗಳು

2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದಿಂದ ಎರಡು ತೀರ್ಪುಗಳು ಹೊರಬಿದ್ದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ರಾಜ್ಯವು ಹೇರುವಂತಿಲ್ಲ, ಆಯ್ಕೆಯು ಪೋಷಕರದೆಂದು ಕರ್ನಾಟಕದ ಪ್ರಕರಣದಲ್ಲಿ ತೀರ್ಮಾನವಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ಪ್ರಮತಿ ಪ್ರಕರಣದಲ್ಲಿ ತೀರ್ಮಾನವಾಯಿತು. ಹೀಗೆ ದುರ್ಬಲ ವರ್ಗದ ಮಕ್ಕಳಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಡುವ ಹೊಣೆಯಿಂದ ನಮ್ಮ ಶಾಲೆಗಳು ಬಿಡುಗಡೆ ಪಡೆದವು. ಸಂವಿಧಾನದ 30ನೆಯ ವಿಧಿಯು ಕೊಟ್ಟ ಹಕ್ಕು ಅಮೂಲ್ಯವಾದದ್ದು, ಅದನ್ನು ಕಾಪಾಡಿಕೊಳ್ಳಬೇಕು. ಆದರೆ ಕಾನೂನಿನ ಒತ್ತಾಯ ಹೋದಾಗ ಶುಭಸಂದೇಶದ ಒತ್ತಾಯ ಉಳಿಯುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಬಡವರು, ಕುಟುಂಬದ ಆಸರೆಯಿಲ್ಲದವರು, ವಿಶ್ವಾಸದ ವರವನ್ನು ಹೊಂದದವರು, ಇವರ ಕಡೆಗೆ ಕಥೋಲಿಕ ಶಾಲೆ ವಿಶೇಷವಾಗಿ ಗಮನ ಹರಿಸಬೇಕೆಂದಿತು.

ಕುಟುಂಬದ ಆಸರೆಯೆಂಬ ಮಾತಿಗೆ ಈ ತಾಲ್ಲೂಕುಗಳಲ್ಲಿ ವಿಶೇಷ ಭಾರವಿದೆ. ದೇವದಾಸಿ ಪದ್ಧತಿಯನ್ನು ಮದ್ರಾಸಿನ 1947ರ ಕಾಯಿದೆ ನಿಷೇಧಿಸಿತು. ಕರ್ನಾಟಕದ 1982ರ ಕಾಯಿದೆ ಮತ್ತೆ ನಿಷೇಧಿಸಿತು. ಆದರೂ ಆ ತಾಯಂದಿರ ಮಕ್ಕಳು ಪ್ರವೇಶ ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಅಂಕಣದ ಮುಂದೆ ತಲೆತಗ್ಗಿಸಿ ನಿಂತದ್ದು ಈ ಸೀಮೆಯ ಜನರೆಲ್ಲ ಬಲ್ಲ ಸಂಗತಿ. ಒಂದು ಶಾಲೆ ಒಳ್ಳೆಯದೋ ಅಲ್ಲವೋ ಎಂಬುದು ಹತ್ತನೆಯ ತರಗತಿಯ ಫಲಿತಾಂಶ ಬರುವ ಮುನ್ನವೇ ಆ ಅರ್ಜಿಯಲ್ಲಿ ತಿಳಿದುಬಿಡುತ್ತದೆ.

ಗುರುಗಳ ಹೊಣೆ

ಆದುದರಿಂದ ಪೋಷಕರಿಗೆ ಸಲಹೆ ನೀಡುವ ಗುರುಗಳು ಶಾಲೆಯ ಫಲಿತಾಂಶ, ಶಿಸ್ತು, ಇಂಗ್ಲಿಷುಗಳನ್ನು ವಿಚಾರಿಸಲಿ; ಜೊತೆಗೆ ಮೊದಲ ತಲೆಮಾರಿನ ವಿದ್ಯಾರ್ಥಿಗೆ ಅಲ್ಲಿ ಸ್ಥಳವಿದೆಯೇ, ಶುಲ್ಕ ಕಟ್ಟಲಾರದವನ ಮಾನ ಅಲ್ಲಿ ಉಳಿಯುತ್ತದೆಯೇ ಎಂಬುದನ್ನೂ ವಿಚಾರಿಸಲಿ. ಶಾಲಾ ಆಡಳಿತದಲ್ಲಿರುವ ಗುರುಗಳು ಇದೇ ಪ್ರಶ್ನೆಗಳನ್ನು ತಮಗೆ ಹಾಕಿಕೊಳ್ಳಲಿ. ಕಥೋಲಿಕ ಶಾಲೆ ದೂರವಿದ್ದಲ್ಲಿ 798ನೆಯ ನಿಯಮದ ಎರಡನೆಯ ಭಾಗ ಜೀವ ಪಡೆಯುತ್ತದೆ. ಭಾನುವಾರದ ಧರ್ಮೋಪದೇಶ, ಸಂಜೆಯ ಪಾಠ, ವಿದ್ಯಾರ್ಥಿನಿಲಯದ ಭೇಟಿ ಇವು ಶಾಲೆ ಕಟ್ಟಲಾಗದ ಧರ್ಮಕೇಂದ್ರವು ನಡೆಸಬಹುದಾದ ಶಾಲೆಗಳು. ಪೋಷಕರು ಮೊದಲ ಶಿಕ್ಷಕರೆಂದು ಧರ್ಮಸಭೆ ಬೋಧಿಸುತ್ತದೆ. ಅವರ ಆಯ್ಕೆಯ ಹಕ್ಕು ಬರಿಯ ಮಾತಾಗದಂತೆ ನೋಡಿಕೊಳ್ಳುವುದು ನಮಗೆ ಬಿಟ್ಟ ಕೆಲಸ.